ಹಾಗಲಕಾಯಿ ಬಿಟ್ಟವನ ಸಾಕ್ಷಿ

ನಾನು ಹಾಗಲಕಾಯಿ ಬಿಟ್ಟಿದ್ದೇನೆ.

ಸುಮ್ಮನೆ ಬಿಟ್ಟದ್ದಲ್ಲ. ರಾಮೇಶ್ವರದ ಸಮುದ್ರದಲ್ಲಿ ಮೊಣಕಾಲುದ್ದ ನೀರಿಗಿಳಿದು, ಪೂರ್ವಕ್ಕೆ ಮುಖ ಮಾಡಿ, ಬೊಗಸೆಯಲ್ಲಿ ನೀರು ಹಿಡಿದು, ಪುರೋಹಿತರು ಹೇಳಿಕೊಟ್ಟ ಮಂತ್ರವನ್ನು ಅರ್ಧ ನುಂಗಿ ಅರ್ಧ ಉಗುಳಿ, ಇನ್ನು ಈ ಜನ್ಮದಲ್ಲಿ ಹಾಗಲಕಾಯಿ ಮುಟ್ಟುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟು ಬಂದಿದ್ದೇನೆ.

ಎಂಥ ತ್ಯಾಗ, ನೋಡಿ.

(ಹಾಗಲಕಾಯಿ ನನಗೆ ಚಿಕ್ಕಂದಿನಿಂದಲೂ ಸೇರುವುದಿಲ್ಲ. ಅವ್ವ ಬಡಿಸಿದರೆ ತಟ್ಟೆಯ ಅಂಚಿಗೆ ತಳ್ಳಿ, ಅವಳು ಅತ್ತ ತಿರುಗಿದಾಗ ನಾಯಿಗೆ ಹಾಕುತ್ತಿದ್ದೆ. ನಾಯಿಯೂ ತಿನ್ನುತ್ತಿರಲಿಲ್ಲ.)

ಈ ಕಾಲಂ ಓದುವವರಿಗೆ ಗೊತ್ತು, ನಾನು ವಾರವಾರ ಬೈಯುವುದೇನನ್ನು ಎಂದು. ಮಂಡ್ಯದ ಚರಂಡಿ, ರೇಷನ್ ಅಂಗಡಿಯ ಕ್ಯೂ, ಮಳವಳ್ಳಿ ರಸ್ತೆಯ ಏರಿನಲ್ಲಿ ನಿಂತುಬಿಡುವ ಇದ್ದಿಲು ಗ್ಯಾಸಿನ ಬಸ್ಸು. ಬೈದರೆ ಯಾರಿಗೂ ನೋವಿಲ್ಲ. ಚರಂಡಿ ತಿರುಗಿ ಬೈಯುವುದಿಲ್ಲ. ಬಸ್ಸು ಮುನಿಸಿಕೊಂಡು ನಮ್ಮ ಮನೆಗೆ ಅಕ್ಕಿ ಕಳಿಸುವುದನ್ನು ನಿಲ್ಲಿಸುವುದಿಲ್ಲ. ಈ ವಾರ ನಾನು ಬೈಯಬೇಕಾದವರು ಇಬ್ಬರು. ಒಬ್ಬ ನನ್ನ ದೊಡ್ಡಪ್ಪನ ಮಗ ನಿಂಗಣ್ಣ. ಇನ್ನೊಬ್ಬ ಯಾರೆಂದು ಮುಂದೆ ಹೇಳುತ್ತೇನೆ.

ನಮ್ಮ ಹಳ್ಳಿ ಬೆಸಗರಹಳ್ಳಿಯ ಮಗ್ಗುಲಲ್ಲಿದೆ. ಅಲ್ಲಿ ನಿಂಗಣ್ಣ ಎಂದರೆ ಸಣ್ಣ ಮನುಷ್ಯನಲ್ಲ. ನಾಲೆ ನೀರು ಬಂದ ಮೇಲೆ ಅವನ ಮನೆಗೆ ಮಂಗಳೂರು ಹೆಂಚು ಬಂತು, ಅವನ ಮೈಗೆ ಖಾದಿ ಜುಬ್ಬಾ ಬಂತು. ಬಾವುಟ ಹಿಡಿದು ಮುಂದೆ ನಡೆಯುವವನು, ಜೈಕಾರ ಹಾಕಿದರೆ ನಾಲೆಯ ಆಚೆ ದಡಕ್ಕೆ ಕೇಳಬೇಕು. ಪರರ ಸ್ವತ್ತನ್ನು ಬಿಟ್ಟು ತೊಲಗಿ ಎಂದು ಬಿಳಿಯರಿಗೆ ಅವನು ಹೇಳುವುದನ್ನು ನಾನೇ ನಿಂತು ಕೇಳಿದ್ದೇನೆ. ಚೆನ್ನಾಗಿ ಹೇಳುತ್ತಾನೆ.

ಅವನಿಗೊಬ್ಬ ಅಕ್ಕ ಇದ್ದಾಳೆ. ಪುಟ್ಟಕ್ಕ. ನನಗೂ ಅಕ್ಕನೇ. ಮದುವೆಯಾದ ಎರಡನೇ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡ. ಮಕ್ಕಳಿಲ್ಲ. ತವರಿಗೆ ಬಂದವಳು ಬೇರೆ ಒಲೆ ಹೂಡಿಕೊಂಡು ಊರಲ್ಲೇ ಉಳಿದಳು.

ದೊಡ್ಡಪ್ಪ ಸಾಯುವ ಮುಂಚೆ, ನಾನಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಹಾಸಿಗೆಯ ಹತ್ತಿರ ನಾವು ಮೂವರೂ ಕೂತಿದ್ದೆವು. ಪುಟ್ಟಕ್ಕ, ನಿಂಗಣ್ಣ, ನಾನು. ಬೆಳಗಿನ ಹೊತ್ತು. ದೊಡ್ಡಪ್ಪ ಗಂಜಿ ಕುಡಿದು ಬಾಯಿ ಒರೆಸಿಕೊಂಡು ಹೇಳಿದ:

"ಕಲ್ಲೊಲ ಪುಟ್ಟೀದು. ಬರೀ ಉಣ್ಣಾಕಲ್ಲ, ಅವಳ್ದೇಯಾ. ಯಾರೂ ತಂಟೆ ಮಾಡ್ಕೂಡ್ದು. ಕೇಳುಸ್ಕಂಡ್ಯೇನ್ಲಾ ನಿಂಗ?"

ನಿಂಗಣ್ಣ ಊಂ ಅಂದ. ದೊಡ್ಡಪ್ಪ ನನ್ನ ಕಡೆ ತಿರುಗಿ, "ನೀನು?" ಅಂದ. ನಾನೂ ಊಂ ಅಂದೆ.

ಕಲ್ಲೊಲ ಎಂದರೆ ಕಲ್ಲಿನ ಹೊಲ. ಹೆಸರೇ ಹೇಳುತ್ತದೆ. ಹುರುಳಿ ಎರಚಿದರೆ ಹುರುಳಿಯಷ್ಟೇ ವಾಪಸು ಬರುವ ಜಾಗ. ಅದು ಅಕ್ಕನ ಪಾಲಿಗೆ ಹೋಯಿತೆಂದು ಆ ದಿನ ನಿಂಗಣ್ಣನಿಗೆ ಒಳಗೊಳಗೇ ಖುಷಿ. ಕಾಗದ ಮಾಡಿಸುವ ಮಾತು ಯಾರೂ ಎತ್ತಲಿಲ್ಲ. ಆ ಕಲ್ಲುಗಳಿಗೆ ಕಾಗದ ಬೇರೆ ಯಾಕೆ?

ಪುಟ್ಟಕ್ಕ ಆ ಕಲ್ಲುಗಳನ್ನು ಆರಿಸಿದಳು. ಎಷ್ಟು ವರ್ಷ ಆರಿಸಿದಳೋ, ಲೆಕ್ಕ ಇಟ್ಟವರಿಲ್ಲ. ಬೆಳಿಗ್ಗೆ ಒಂದು ಮಂಕರಿ, ಸಂಜೆ ಒಂದು ಮಂಕರಿ. ಅದೇ ಕಲ್ಲುಗಳನ್ನು ಒಂದರ ಮೇಲೊಂದು ಒಟ್ಟಿ ಸುತ್ತ ಬದು ಹಾಕಿದಳು. ಒಂದು ದಿನ ಗುಂಡುಕಲ್ಲು ಜಾರಿ ಎಡಗೈ ಹೆಬ್ಬೆಟ್ಟು ಜಜ್ಜಿಹೋಯಿತು. ಉಗುರು ಮತ್ತೆ ಸರಿಯಾಗಿ ಬರಲೇ ಇಲ್ಲ. ಈಗಲೂ ಸೀಳಿಕೊಂಡೇ ಇದೆ.

ಆಮೇಲೆ ನಾಲೆ ಬಂತು. ಬಂದದ್ದು ಎಲ್ಲಿಗೆ? ಸರಿಯಾಗಿ ಕಲ್ಲೊಲದ ನೆತ್ತಿಯ ಮೇಲಕ್ಕೆ. ತೂಬು ಎತ್ತಿದರೆ ಮೊದಲ ನೀರು ಪುಟ್ಟಕ್ಕನಿಗೆ. ಹುರುಳಿ ಬೆಳೆಯದ ಜಾಗದಲ್ಲಿ ಒಂದು ಕಡೆ ಭತ್ತ, ಒಂದು ಕಡೆ ಕಬ್ಬು.

ಆವತ್ತಿನಿಂದ ನಿಂಗಣ್ಣನಿಗೆ ಆ ಹೊಲದ ಮೇಲೆ ಅಕ್ಕರೆ ಹುಟ್ಟಿತು. ಕಲ್ಲಿದ್ದಾಗ ಇಲ್ಲದ ಅಕ್ಕರೆ.

ಈಚೆಗೆ ಅವನು ಖಾತೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದಾನೆ. ಖಾತೆ ಇನ್ನೂ ದೊಡ್ಡಪ್ಪನ ಹೆಸರಲ್ಲೇ ಇದೆ. ಅಕ್ಕ ತಾಲ್ಲೂಕು ಕಚೇರಿಗೆ ಬಂದು, ತನ್ನದೇನೂ ತಕರಾರಿಲ್ಲ ಎಂದು ಹೇಳಿ ಹೆಬ್ಬೆಟ್ಟು ಒತ್ತಬೇಕು. ಅಕ್ಕ ಒತ್ತಲಿಲ್ಲ. "ಅಪ್ಪ ಕೊಟ್ಟದ್ದು ಕಣ್ಲಾ ನಿಂಗ" ಅಂದಳು, ಅಷ್ಟೇ. ಜಗಳವಿಲ್ಲ, ಕೂಗಾಟವಿಲ್ಲ. ನಿಂಗಣ್ಣನೂ ಮತ್ತೆ ಆ ಮಾತು ಎತ್ತಲಿಲ್ಲ.

ಸ್ವಲ್ಪ ದಿನ ಬಿಟ್ಟು ಮಂಡ್ಯದ ನಮ್ಮ ಮನೆಗೆ ಬಂದ. ಜೊತೆಗೆ ಸಣ್ಣಕ್ಕಿ. (ಪ್ರತಿ ಸುಗ್ಗಿಗೂ ಅವನು ನಮಗೆ ಅಕ್ಕಿ ಕಳಿಸುತ್ತಾನೆ. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿ ಸಾಕಾಗಿರುವ ನನ್ನ ಹೆಂಡತಿಗೆ ನಿಂಗಣ್ಣ ದೇವರಂಥ ಮನುಷ್ಯ.)

"ಅಕ್ಕುನ್ನ ರಾಮೇಸ್ವರಕ್ಕೆ ಕರ್ಕೊಂಡೋಯ್ತೀನಿ ಕಣ್ಲಾ. ಅವಳು ಇನ್ಯಾವಾಗ ನೋಡಾಳು? ನೀನೂ ಬಾ. ನಿನ್ ಟಿಕೀಟೂ ನಂದೇಯಾ."

ನನ್ನ ಕಣ್ಣಲ್ಲಿ ನೀರು ಬಂತು. ನಿಜವಾಗಿ ಹೇಳುತ್ತೇನೆ, ನೀರು ಬಂತು. ಎಂಥ ತಮ್ಮ ಅಂದುಕೊಂಡೆ. ಒಂದು ಕಾಲಂ ಬರೆಯಬೇಕು ಎಂದೂ ಅಂದುಕೊಂಡೆ. ಬರೆಯುತ್ತಿದ್ದೇನೆ.

ಯುದ್ಧ ಮುಗಿದರೂ ರೈಲಿನ ನೂಕುನುಗ್ಗಲು ಮುಗಿದಿಲ್ಲ. ಅಗತ್ಯವಿದ್ದರೆ ಮಾತ್ರ ಪ್ರಯಾಣ ಮಾಡಿ ಎನ್ನುವ ಬೋರ್ಡು ಇನ್ನೂ ಕೆಲವು ಸ್ಟೇಷನ್ನಿನಲ್ಲಿ ಹಾಗೇ ಇದೆ. ಅದರ ಕೆಳಗೇ ಇಡೀ ದೇಶ ಗಂಟುಮೂಟೆ ಹೊತ್ತು ನಿಂತಿದೆ. ನಾವು ನಾಲ್ಕು ಜನ: ನಿಂಗಣ್ಣ, ಅವನ ಹೆಂಡತಿ ಕೆಂಪಮ್ಮ, ಪುಟ್ಟಕ್ಕ, ನಾನು. ಮೂರು ಕಡೆ ರೈಲು ಬದಲಿಸಿದೆವು. ಪುಟ್ಟಕ್ಕನ ಹತ್ತಿರ ಎರಡು ಗಂಟು. ಒಂದರಲ್ಲಿ ಎಲ್ಲರಿಗೂ ದಾರಿಗೆ ಹುರಿಹಿಟ್ಟು ಮತ್ತು ಬೆಲ್ಲ. ಇನ್ನೊಂದು ಸಣ್ಣದು. ಅದನ್ನು ಮಡಿಲಿನಿಂದ ಕೆಳಗಿಡಲೇ ಇಲ್ಲ.

"ಏನಕ್ಕ ಅದು?" ಅಂದೆ.

"ಅಕ್ಕಿ ಕಣಪ್ಪ. ನಮ್ಮ ಕಲ್ಲೊಲದ್ದು. ದ್ಯಾವ್ರಿಗೆ."

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಕಾಶಿಗೆ ಹೋದವರು ಒಂದು ಪದಾರ್ಥ ಬಿಟ್ಟು ಬರುತ್ತಾರೆ. ಹಣ್ಣೋ, ತರಕಾರಿಯೋ, ತನಗೆ ಇಷ್ಟವಾದ ಒಂದು. ಕಾಶಿಗೆ ಹೋಗಲಾರದವರು ರಾಮೇಶ್ವರದಲ್ಲಿ ಬಿಡುತ್ತಾರೆ. ಬಿಟ್ಟ ಮೇಲೆ ಸಾಯುವವರೆಗೆ ಮುಟ್ಟುವ ಹಾಗಿಲ್ಲ. ಪುಟ್ಟಕ್ಕ ಏನು ಬಿಡಬೇಕೆಂದು ಮೂರು ದಿನ ರೈಲಿನಲ್ಲಿ ಯೋಚನೆ ಮಾಡಿದಳು. ಯೋಚನೆ ಮಾಡಿದವಳು ನಮ್ಮಲ್ಲಿ ಅವಳೊಬ್ಬಳೇ. ಕೊನೆಗೆ ಪಾಂಬನ್ ಸೇತುವೆ ಮೇಲೆ, ಎರಡೂ ಕಡೆ ನೀರು ಕಾಣುವಾಗ, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು.

"ಬೆಲ್ಲ ಬುಡ್ತೀನಿ ಕಣ್ಲಾ."

ನಾನು ಬೆಚ್ಚಿದೆ. ಪುಟ್ಟಕ್ಕನಿಗೆ ಬೆಲ್ಲ ಎಂದರೆ ಪ್ರಾಣ. ಮುದ್ದೆ ಉಂಡ ಮೇಲೆ ಒಂದು ಚೂರು, ಕೆಲಸಕ್ಕೆ ಹೋಗುವಾಗ ಸೆರಗಿನ ಗಂಟಿನಲ್ಲಿ ಒಂದು ಚೂರು. ತನ್ನ ಕಬ್ಬು, ತಾನೇ ಆಲೆಮನೆಗೆ ಹೋಗಿ ನಿಂತು ಮಾಡಿಸಿದ ಅಚ್ಚು. "ಅದ್ಯಾಕಕ್ಕ, ಕುಂಬಳಕಾಯೋ ಏನೋ ಬಿಡು" ಅಂದೆ.

"ಬ್ಯಾಡದ್ದ ಕೊಡಕೆ ಇಷ್ಟು ದೂರ ಬರ್ಬೇಕಾ?" ಅಂದಳು.

ರಾಮೇಶ್ವರದ ಸಮುದ್ರ ನೀವು ನೋಡಿರದಿದ್ದರೆ ಹೇಳುತ್ತೇನೆ, ದೇವಸ್ಥಾನದ ಮುಂದೆ ಅದಕ್ಕೆ ಅಲೆಯೇ ಇಲ್ಲ. ನಮ್ಮ ಮದ್ದೂರು ಕೆರೆಯ ಹಾಗೆ ತಣ್ಣಗೆ ನಿಂತಿರುತ್ತದೆ. ಪುಟ್ಟಕ್ಕ ದಂಡೆಯಲ್ಲಿ ನಿಂತು ಕೈಯನ್ನು ಹುಬ್ಬಿಗಿಟ್ಟು ಬಹಳ ಹೊತ್ತು ನೋಡಿದಳು. ನಾನು ಭಕ್ತಿ ಎಂದುಕೊಂಡೆ.

"ಇಷ್ಟು ನೀರು ಮಡಿಕಂಡು ಇಲ್ಲಿ ಯಾಕೆ ಒಬ್ರೂ ಗದ್ದೆ ಮಾಡಿಲ್ಲ?" ಅಂದಳು.

ಕೆಂಪಮ್ಮ ನಕ್ಕಳು, ನಾನೂ ನಕ್ಕೆ. ಪುಟ್ಟಕ್ಕ ಬಗ್ಗಿ ನಾಲಿಗೆಗೆ ಒಂದು ತೊಟ್ಟು ಮುಟ್ಟಿಸಿಕೊಂಡು, "ಅಯ್ಯೋ ಪಾಪ" ಅಂದಳು. ಸಮುದ್ರಕ್ಕೆ ಪಾಪ ಅಂದವರನ್ನು ನಾನು ಬೇರೆ ಕಂಡಿಲ್ಲ.

ನಮ್ಮನ್ನು ಹಿಡಿದ ಪುರೋಹಿತರಿಗೆ ಕನ್ನಡ ಬರುತ್ತಿತ್ತು, ನಮ್ಮ ಕಡೆಯ ಯಾತ್ರಿಕರಿಂದ ಕಲಿತದ್ದು. ನೀರಿಗಿಳಿಯುವ ಮುಂಚೆ ನಿಂಗಣ್ಣ ಅವರನ್ನು ಪಕ್ಕಕ್ಕೆ ಕರೆದು ಏನೋ ಮಾತಾಡುತ್ತಿದ್ದ. ಅವರು ಪುಟ್ಟಕ್ಕನ ಕಡೆ ಒಮ್ಮೆ ನೋಡಿ ತಲೆಯಾಡಿಸಿದರು. ದಕ್ಷಿಣೆಯ ಚೌಕಾಸಿ ಎಂದುಕೊಂಡೆ. ಪತ್ರಿಕೆಗೆ ಬರೆಯುವವನ ಬುದ್ಧಿವಂತಿಕೆ ಇಷ್ಟು.

ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೂ ಏನು ಬಿಡುತ್ತೀರಿ ಹೇಳಿ ಎಂದರು.

ನಿಂಗಣ್ಣ ಬೊಗಸೆ ಎತ್ತಿ, ಗಂಟಲು ಸರಿಮಾಡಿಕೊಂಡು, "ಸೇಬಿನ್ ಅಣ್ಣು" ಅಂದ.

ಓದುಗರೇ, ನಮ್ಮ ಹಳ್ಳಿಯಲ್ಲಿ ಸೇಬಿನ ಹಣ್ಣನ್ನು ಕಣ್ಣಿನಿಂದ ನೋಡಿದವರು ಎಷ್ಟು ಜನ? ನಿಂಗಣ್ಣ ಒಂದು ಸಲ ಮೈಸೂರಿನ ದಸರೆಯಲ್ಲಿ ನೋಡಿದ್ದನಂತೆ. ದೂರದಿಂದ. ಅದನ್ನು ದೇವರಿಗೆ ಬಿಟ್ಟ. ಕೆಂಪಮ್ಮ ಪಡವಲಕಾಯಿ ಬಿಟ್ಟಳು, ಅವಳಿಗೆ ಅದರಿಂದ ಮೈ ಕಡಿತ ಬರುತ್ತದೆ. ನನ್ನ ಹಾಗಲಕಾಯಿಯ ಕಥೆ ಆಗಲೇ ಹೇಳಿದೆ.

ಪುಟ್ಟಕ್ಕನ ಸರದಿ.

"ಬೆಲ್ಲ ಬುಡ್ತೀನಿ ಸ್ವಾಮಿ."

ಪುರೋಹಿತರು ನಿಂಗಣ್ಣನ ಮುಖ ನೋಡಿದರು. ಆಮೇಲೆ ಬಲು ಮೆತ್ತಗೆ ಹೇಳಿದರು.

"ಬೆಲ್ಲ ಬಹಳ ಸಣ್ಣದು ತಾಯಿ. ಗಂಡನಿಲ್ಲ, ಮಕ್ಕಳಿಲ್ಲ. ನಿಮ್ಮಂಥವರು ಬಾಯಿಯ ರುಚಿ ಬಿಟ್ಟರೆ ಸಾಲದು. ಮಣ್ಣಿನ ಆಸೆ ಬಿಡಬೇಕು. ಆಗ ನಿಮ್ಮ ಯಜಮಾನರಿಗೆ ಸದ್ಗತಿ."

ನಿಂಗಣ್ಣ ಹತ್ತಿರ ಬಂದು ಅಕ್ಕನ ಭುಜ ಹಿಡಿದುಕೊಂಡ. "ದ್ಯಾವ್ರ ಬಾಯಲ್ಲೇ ಬಂತು ಕಣಕ್ಕ. ಕಲ್ಲೊಲವ ತಮ್ಮಂಗೆ ಬುಟ್ಟೆ ಅನ್ನು. ಭಾವಯ್ಯಂಗೆ ಒಳ್ಳೇದಾಯ್ತದೆ."

ಈಗ ನನಗೆ ಅರ್ಥವಾಯಿತು. ಯಾತ್ರೆ ಯಾಕೆ ಎಂದು. ನನ್ನ ಟಿಕೆಟ್ಟು ಯಾಕೆ ಎಂದು. ಅಕ್ಕ ತಮ್ಮ ಇಬ್ಬರನ್ನು ಬಿಟ್ಟರೆ, ದೊಡ್ಡಪ್ಪ ಕೊಟ್ಟಾಗ ಕೇಳಿಸಿಕೊಂಡವನು ನಾನೊಬ್ಬನೇ. ಕೊಟ್ಟದ್ದಕ್ಕೆ ಸಾಕ್ಷಿಯಾಗಿದ್ದವನು ಬಿಟ್ಟದ್ದಕ್ಕೂ ಸಾಕ್ಷಿಯಾಗಿಬಿಟ್ಟರೆ ಮುಗಿಯಿತು. ಎಷ್ಟು ಯೋಚನೆ ಮಾಡಿದ್ದ, ನೋಡಿ. ಆ ತಲೆಯನ್ನು ಊರಿನ ಕೆಲಸಕ್ಕೆ ಬಳಸಿದ್ದರೆ ನಮ್ಮ ಹಳ್ಳಿಗೆ ಇಷ್ಟರಲ್ಲಿ ಸ್ಕೂಲು ಬರುತ್ತಿತ್ತು.

ಪುಟ್ಟಕ್ಕ ಬೊಗಸೆಯ ನೀರು ಚೆಲ್ಲದ ಹಾಗೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ನೀನು ಯೋಳಪ್ಪ. ಅಪ್ಪ ಯೋಳ್ವಾಗ ನೀನೂ ಅಲ್ಲೇ ಇದ್ಯಲ್ಲ. ಬದುಕಿರೋಗಂಟ ಉಣ್ಣು ಅಂದ್ನಾ, ನಿಂದೇಯಾ ಅಂದ್ನಾ?"

ಕೇಳಿದ್ದು ಇಷ್ಟೇ. ಉತ್ತರ ಎರಡು ಪದ. 'ನಿನ್ನದೇ ಅಂದ' ಎನ್ನಬೇಕಾಗಿತ್ತು. ಹೇಳಲು ಒಂದು ಉಸಿರು ಸಾಕಾಗಿತ್ತು.

ನಿಂಗಣ್ಣ ನನ್ನನ್ನೇ ನೋಡುತ್ತಿದ್ದ. ಕೋಪವಿಲ್ಲದ ಮುಖ. ಸ್ವಲ್ಪ ನಗುವೂ ಇತ್ತು. ನನ್ನ ಹೊಟ್ಟೆಯೊಳಗೆ ಅವನ ಅಕ್ಕಿ ಇತ್ತು, ಜೇಬಿನಲ್ಲಿ ಅವನು ಕೊಡಿಸಿದ ವಾಪಸು ಟಿಕೆಟ್ಟು.

"ದೇವರ ಮುಂದೆ ಆ ಮಾತೆಲ್ಲ ಯಾಕಕ್ಕ ಈಗ? ಊರಿಗೆ ಹೋಗಿ ನೋಡೋಣ ಬಿಡು" ಅಂದೆ.

ನಾನು ಬೈಯಬೇಕಾದ ಎರಡನೆಯವನು ಇವನು. ಚರಂಡಿಯನ್ನು ಧೈರ್ಯವಾಗಿ ಬೈಯುವವನು.

ಪುಟ್ಟಕ್ಕ ನನ್ನನ್ನು ನೋಡಿದಳು. ಅಳಲಿಲ್ಲ. ಊಂ ಅಂದಳು. ಬೊಗಸೆ ಬಿಡಿಸಿದಳು.

"ಕಲ್ಲೊಲ ಬುಟ್ಟೆ" ಅಂದಳು.

ನಿಂಗಣ್ಣ ಕೈ ಮುಗಿದ. ಪುರೋಹಿತರು ಮುಂದಿನ ಮಂತ್ರಕ್ಕೆ ಬಾಯಿ ತೆರೆದರು. ಪುಟ್ಟಕ್ಕ ಮತ್ತೆ ಬಗ್ಗಿ ಇನ್ನೊಂದು ಬೊಗಸೆ ನೀರು ತೆಗೆದುಕೊಂಡಳು.

"ಬೆಲ್ಲಾನೂ ಬುಟ್ಟೆ. ಮೊದ್ಲೇ ಅಂದ್ಬುಟ್ಟಿವ್ನಲ್ಲ" ಅಂದಳು.

ಆಮೇಲೆ ದೇವಸ್ಥಾನದ ಒಳಗೆ ಇಪ್ಪತ್ತೆರಡು ಬಾವಿಗಳ ನೀರನ್ನು ಒಂದೊಂದಾಗಿ ನಮ್ಮ ತಲೆಯ ಮೇಲೆ ಸುರಿದರು. ಒಂದು ಬಾವಿಯ ನೀರು ಒಂದು ಪಾಪಕ್ಕಂತೆ. ಇಪ್ಪತ್ತೆರಡೂ ಮುಗಿದ ಮೇಲೂ ನನ್ನದು ಹಾಗೇ ಇತ್ತು. ಗರ್ಭಗುಡಿಯ ಮುಂದೆ ಪುಟ್ಟಕ್ಕ ಸಣ್ಣ ಗಂಟು ಬಿಚ್ಚಿ ಅಕ್ಕಿ ಕೊಟ್ಟಳು. ಬೆಳಿಗ್ಗೆ ತನ್ನದಾಗಿದ್ದ ಹೊಲದ ಅಕ್ಕಿ.

ಮಧ್ಯಾಹ್ನ ಅದೇ ಪುರೋಹಿತರು ಆ ಕಡೆಯ ಮರಳಿನ ಮೇಲೆ ಕೈ ತೋರಿಸಿ ಸ್ಥಳಮಹಿಮೆ ಹೇಳಿದರು. ರಾಮ ಇಲ್ಲೇ ವಿಭೀಷಣನಿಗೆ ಲಂಕೆಯ ಪಟ್ಟ ಕಟ್ಟಿದ್ದಂತೆ. ನಿಂಗಣ್ಣ ಕಣ್ಣು ಮುಚ್ಚಿ, ಅಂಗೈ ಜೋಡಿಸಿ ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಇನ್ನೊಬ್ಬರ ನೆಲವನ್ನು ಅವರಿಗೇ ಕೊಟ್ಟವನ ಹೆಸರಿನ ಊರಿಗೆ ಬಂದು ಅಕ್ಕನ ನೆಲ ಕಿತ್ತುಕೊಂಡು, ಆ ಕಥೆಗೂ ಕೈ ಮುಗಿಯುವುದು ಹೇಗೆ ಸಾಧ್ಯ? ಕೇಳಬಹುದಾಗಿತ್ತು. ಕೇಳಲಿಲ್ಲ. (ಸಿಟ್ಟು ಬರುವುದರಲ್ಲಿ ನಾನು ಯಾವತ್ತೂ ತಡ ಮಾಡುವವನಲ್ಲ. ಬಾಯಿ ಬರುವುದು ಮಾತ್ರ ತಡ.)

ನಮ್ಮ ಗಂಡಸರ ಭಕ್ತಿಯನ್ನು ನಾನು ಬಹಳ ವರ್ಷ ನೋಡಿದ್ದೇನೆ. ಸೇಬಿನ ಹಣ್ಣು ಬಿಡುವುದು, ಶನಿವಾರ ಒಂದು ಹೊತ್ತು ಉಂಡು ಮೂರು ಹೊತ್ತಿನ ಉಪ್ಪಿಟ್ಟು ತಿನ್ನುವುದು, ತಿರುಪತಿಗೆ ಹೇಗೂ ಉದುರುತ್ತಿರುವ ಕೂದಲು ಕೊಡುವುದು. ಹೆಂಗಸರು ಕೊಟ್ಟರೆ ಮಾತ್ರ ನಿಜವಾದದ್ದು ಕೊಡಬೇಕು. ಅವಳ ಊಟ, ಅವಳ ಒಡವೆ, ಅವಳ ಹೊಲ. ಯಾಕೆ? ದೇವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವವಳು ಅವಳೊಬ್ಬಳೇ ಎಂದು ನಮಗೆ ಗೊತ್ತು. ಕೋರ್ಟಿನ ಕಾಗದವಾದರೆ ಮೇಲಿನ ಕೋರ್ಟಿಗೆ ಹೋಗಬಹುದು. ಪುಟ್ಟಕ್ಕನ ಬೊಗಸೆಗೆ ಮೇಲಿನ ಕೋರ್ಟು ಎಲ್ಲಿದೆ?

ಸ್ವರಾಜ್ಯ ಇನ್ನೇನು ಬಂತು ಎನ್ನುತ್ತಾರೆ. ಬರಲಿ. ಆವತ್ತು ನಮ್ಮ ಊರಿನಲ್ಲಿ ಬಾವುಟ ಏರಿಸುವವನು ನಿಂಗಣ್ಣನೇ, ಬೇಕಾದರೆ ಬರೆದಿಟ್ಟುಕೊಳ್ಳಿ.

ವಾಪಸು ಬರುವಾಗ ನಿಂಗಣ್ಣ ಪ್ರತಿ ಸ್ಟೇಷನ್ನಿನಲ್ಲೂ ಇಳಿದು ನಮಗೆಲ್ಲ ಏನಾದರೂ ಕೊಡಿಸಿದ. ಪುಟ್ಟಕ್ಕ ಹುರಿಹಿಟ್ಟನ್ನು ಉಪ್ಪು ನೀರಿನಲ್ಲಿ ಕಲಸಿಕೊಂಡು ತಿಂದಳು. ಬೆಲ್ಲದ ಗಂಟನ್ನು ಕೆಂಪಮ್ಮನ ಕಡೆ ಸರಿಸಿದಳು.

ಇದೆಲ್ಲ ಆಗಿ ಒಂದು ತಿಂಗಳು. ಕಳೆದ ಭಾನುವಾರ ಪುಟ್ಟಕ್ಕನನ್ನು ನೋಡಲು ಹೋದೆ. ಹೋಗದೆ ಇರಲು ಒಂದು ತಿಂಗಳು ಏನೇನೋ ನೆಪ ಹುಡುಕಿ, ಯಾವುದೂ ಉಳಿಯದಿದ್ದಾಗ ಹೋದೆ.

ಅವಳು ಆಗಷ್ಟೇ ಬಂದಿದ್ದಳು. ಕಾಲಿಗೆ ಕೆಸರು. ಪಕ್ಕದ ಹಳ್ಳಿಯಲ್ಲಿ ಯಾರದ್ದೋ ಗದ್ದೆಗೆ ಕಳೆ ಕೀಳಲು ಕೂಲಿಗೆ ಹೋಗಿದ್ದಳು. ಐವತ್ತೈದು ದಾಟಿದ ಹೆಂಗಸು. ಅವಳೇ ನೆಟ್ಟ ಪೈರು ಕಲ್ಲೊಲದಲ್ಲಿ ಮೊಣಕಾಲೆತ್ತರ ಬಂದಿದೆ. ಅದರ ಕಳೆಯನ್ನು ನಿಂಗಣ್ಣನ ಆಳುಗಳು ಕೀಳುತ್ತಿದ್ದಾರೆ. ಪುಟ್ಟಕ್ಕ ಆ ಬದುವಿನ ಮೇಲೂ ಕಾಲಿಡುವುದಿಲ್ಲ. ಹತ್ತಿರದ ದಾರಿ ಬಿಟ್ಟು ತೋಪನ್ನು ಸುತ್ತಿಕೊಂಡು ಬರುತ್ತಾಳೆ.

ನನಗೆ ತಟ್ಟೆ ಹಾಕಿದಳು. ಮುದ್ದೆ, ಬಸ್ಸಾರು. ತನಗೆ ಬೇರೊಂದು ಸಣ್ಣ ಮಡಕೆಯಿಂದ ಏನನ್ನೋ ಬಡಿಸಿಕೊಂಡಳು.

"ಅದೇನಕ್ಕ?"

"ಆಗಲಕಾಯಿ ಗೊಜ್ಜು. ಇತ್ತಲಲ್ಲಿ ಬುಟ್ಟಿತ್ತು. ನೀನು ಬುಟ್ಟಿದ್ದೀಯಲ್ಲ, ಅದ್ಕೆ ನಿಂಗೆ ಬ್ಯಾರೆ ಸಾರು ಮಾಡಿವ್ನಿ."

ನನ್ನ ಸುಳ್ಳು ವ್ರತವನ್ನು ಅವಳು ಕಾಯುತ್ತಿದ್ದಾಳೆ. ಕೂಲಿಯಿಂದ ಬಂದು, ನನಗೋಸ್ಕರ ಇನ್ನೊಂದು ಒಲೆ ಹಚ್ಚಿ.

ಏನನ್ನಿಸಿತೋ, ಕೈ ಚಾಚಿ ಆ ಮಡಕೆ ಎಳೆದುಕೊಂಡೆ. "ಬ್ಯಾಡ ಕಣ್ಲಾ, ಮಾತು ಕೊಟ್ಟಿದ್ದೀಯೆ" ಎಂದು ಅವಳು ನನ್ನ ಕೈ ಹಿಡಿದಳು. ಬಿಡಿಸಿಕೊಂಡೆ. ಮುದ್ದೆ ಮುರಿದು ಗೊಜ್ಜಿನಲ್ಲಿ ಅದ್ದಿ ನುಂಗಿದೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಬೀಳಬೇಕು, ಆಗ ಮಾತ್ರ ಅದು ಗಂಟಲಲ್ಲಿ ಇಳಿಯುತ್ತದೆ. ಇದರಲ್ಲಿ ಬೆಲ್ಲವಿರಲಿಲ್ಲ. ಅವಳು ಅದನ್ನೂ ಬಿಟ್ಟಿದ್ದಳಲ್ಲ. ಕಹಿ ನೆತ್ತಿಗೆ ಹತ್ತಿತು. ಇನ್ನೊಂದು ತುತ್ತು ನುಂಗಿದೆ. ಮಡಕೆ ಖಾಲಿ ಮಾಡಿದೆ.

"ನೋಡಕ್ಕ. ದೇವರಿಗೆ ಕೊಟ್ಟ ಮಾತು ಮುರಿದೆ. ನಾಲಿಗೆ ಬಿದ್ದುಹೋಯಿತಾ? ಏನೂ ಆಗಲಿಲ್ಲ. ನೀನೂ ಮುರಿ. ಸೋಮವಾರ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಬೇಡ."

ಬರುವ ಸೋಮವಾರ ನಿಂಗಣ್ಣ ಅವಳನ್ನು ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋಗುತ್ತಾನೆ. ಗಾಡಿ ಹೇಳಿಟ್ಟಿದ್ದಾನೆ.

ಪುಟ್ಟಕ್ಕ ಖಾಲಿ ಮಡಕೆಯನ್ನು ತನ್ನ ಕಡೆ ಎಳೆದುಕೊಂಡಳು.

"ನೀನು ಬುಟ್ಟದ್ದು ನಿಂಗೆ ಬ್ಯಾಡದ್ದು ಕಣಪ್ಪ. ಬ್ಯಾಡದ್ದ ತಿಂದ್ರೆ ಯಾವ ದ್ಯಾವ್ರು ಬಂದು ಕೇಳಾನು? ನಾನು ಬುಟ್ಟದ್ದು ನಂಗೆ ಬೇಕಾದ್ದು."

ಹಾಗಲಕಾಯಿ ಕಂಡರೆ ನನಗಾಗದು ಎಂದು ಅವಳಿಗೆ ಮೊದಲಿಂದ ಗೊತ್ತಿತ್ತು. ನಮ್ಮ ಮನೆಯ ನಾಯಿಯನ್ನೂ ಅವಳು ನೋಡಿದ್ದಳು. ಆದರೂ ಬೇರೆ ಸಾರು ಮಾಡಿದ್ದಳು.

"ಹೋಗ್ತೀಯಾ ಹಂಗಾದ್ರೆ?"

"ಓಯ್ತೀನಿ. ಕೇಳುದ್ರೆ ಬುಟ್ಟಿವ್ನಿ ಅಂತೀನಿ. ಆ ನೀರಲ್ಲಿ ನಿಂತು ಒಂದು ಆಡಿ, ಇಲ್ಲಿ ಬಂದು ಒಂದು ಆಡಕಾಯ್ತದಾ?"

"ನನ್ನನ್ನು ಕೇಳಿದರೆ ಅಕ್ಕ? ದೊಡ್ಡಪ್ಪ ಏನಂದ ಅಂತ ಅಮಲ್ದಾರರು ನನ್ನನ್ನೇ ಕೇಳಿದರೆ?"

ಪುಟ್ಟಕ್ಕ ಎದ್ದು ತಟ್ಟೆ ತೆಗೆದಳು. ಬೈಗುಳವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

"ನೀನಾಗ್ಲೇ ಯೋಳಿದ್ದೀಯಲ್ಲಪ್ಪ, ಅಲ್ಲಿ. ಈಗ ಇನ್ನೇನು ಯೋಳೀಯೆ?"

ಕೈ ತೊಳೆಯಲು ನೀರು ಹಾಕುವಾಗ ಆ ಸೀಳಿದ ಹೆಬ್ಬೆಟ್ಟು ಚೊಂಬಿನ ಅಂಚಿನ ಮೇಲಿತ್ತು. ಸೋಮವಾರ ಅದಕ್ಕೆ ಮಸಿ ಹಚ್ಚುತ್ತಾರೆ.

ಬೆಸಗರಹಳ್ಳಿಯವರೆಗೆ ನಡೆದು ಬಂದೆ. ಬಸ್ಸು ಮೂರು ಗಂಟೆ ತಡ. ಯಾರನ್ನೂ ಬೈಯಲಿಲ್ಲ.

ಈಗ ನಾನು ಹೇಳಬೇಕಾದದ್ದನ್ನು ಹೇಳುತ್ತೇನೆ. ಸಂಪಾದಕರು ಇದನ್ನು ಮನೆಯ ಜಗಳ ಎಂದರು. ಅಲ್ಲ, ಸಾಕ್ಷಿ ಎಂದೆ. ಅಚ್ಚು ಹಾಕಿ ಎಂದೆ. ಶನಿವಾರ ಪತ್ರಿಕೆ ನಮ್ಮ ಊರಿನ ಅಂಗಡಿಗೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಯಾರಾದರೊಬ್ಬರು ಗಟ್ಟಿಯಾಗಿ ಓದುತ್ತಾರೆ, ಹತ್ತು ಜನ ಕೇಳುತ್ತಾರೆ. ಮುಂದಿನ ಸುಗ್ಗಿಗೆ ನಮ್ಮ ಮನೆಗೆ ಸಣ್ಣಕ್ಕಿ ಬರುವುದಿಲ್ಲ. ನಿಂಗಣ್ಣನ ಮಕ್ಕಳ ಮದುವೆಗೆ ನಮಗೆ ಕರೆ ಇರುವುದಿಲ್ಲ. ನನಗೆ ಆ ಅಕ್ಕಿ ಇಷ್ಟ, ಆ ಮನೆಯೂ ಇಷ್ಟ. ಚಿಕ್ಕಂದಿನಲ್ಲಿ ನಿಂಗಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುತ್ತಿದ್ದ. ರಾಮೇಶ್ವರದಲ್ಲಿ ಬಿಡಬೇಕಾಗಿದ್ದದ್ದು ಇವನ್ನು. ತಡವಾಗಿ ಇಲ್ಲಿ ಬಿಡುತ್ತಿದ್ದೇನೆ.

ದೊಡ್ಡಪ್ಪ ಕಲ್ಲೊಲವನ್ನು ಪುಟ್ಟಕ್ಕನಿಗೆ ಕೊಟ್ಟ. ಉಣ್ಣಲು ಮಾತ್ರವಲ್ಲ, ಅವಳದೇ ಎಂದು ಕೊಟ್ಟ. ನಾನು ಕಿವಿಯಾರೆ ಕೇಳಿದೆ, ಊಂ ಅಂದೆ. ನಿಂಗಣ್ಣನೂ ಊಂ ಅಂದ. ಸೋಮವಾರ ನಾನೂ ಕಚೇರಿಯ ಬಾಗಿಲಲ್ಲಿ ಇರುತ್ತೇನೆ. ಅಮಲ್ದಾರರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಇನ್ನೊಂದು. ಪುಟ್ಟಕ್ಕ ನೀರಿನಲ್ಲಿ ನಿಂತು ಹೇಳಿದ್ದು ಕಲ್ಲೊಲ ಬಿಟ್ಟೆ ಎಂದು. ತಮ್ಮನಿಗೆ ಬಿಟ್ಟೆ ಎಂದು ನಿಂಗಣ್ಣ ಹೇಳಿಕೊಟ್ಟಿದ್ದ. ಆ ಒಂದು ಪದವನ್ನು ಅವಳು ಆಡಲಿಲ್ಲ. ದೇವರಿಗೆ ಬಿಟ್ಟ ಬೆಲ್ಲವನ್ನು ನಿಂಗಣ್ಣ ತಿನ್ನುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ದೇವರಿಗೆ ಬಿಟ್ಟ ಹೊಲದಲ್ಲಿ ಅವನ ಆಳುಗಳು ಯಾಕೆ ಇಳಿದಿದ್ದಾರೆ?

ಆ ಹೊಲ ಅಕ್ಕನದಲ್ಲ, ಮೊದಲಿಂದ ತನ್ನದೇ ಎಂದು ನಿಂಗಣ್ಣ ಅರ್ಜಿಯಲ್ಲಿ ಬರೆಸಿದ್ದಾನಂತೆ. ಇರಬಹುದು. ಅವನಿಗೆ ನನ್ನದು ಒಂದೇ ಪ್ರಶ್ನೆ.

ಅಕ್ಕನದಲ್ಲದ ಹೊಲವನ್ನು ಅಕ್ಕನ ಕೈಯಲ್ಲಿ ಬಿಡಿಸಲು ಸಮುದ್ರದವರೆಗೆ ಯಾಕೆ ಹೋದೆ, ನಿಂಗಣ್ಣ?